ಹೊಂಗೆಕಟ್ಟೆ ಹಾಲ್ಟಿನ ಎಲೆಯಡಿಕೆ

"ಹೆಂಗಸರು ಟಿಕೆಟ್ ಕೊಡೋ ಹಾಗಿಲ್ಲ!"

ರೈಲಿನ ಕೊನೆಯಲ್ಲಿದ್ದ ಬ್ರೇಕ್ ವ್ಯಾನಿನಿಂದ ಧುಮುಕಿ ಬಂದ ಹೊಸ ಗಾರ್ಡು ಹೀಗೆ ಗದರಿದಾಗ ಆದಿಲಕ್ಷ್ಮಿ ಟಿಕೆಟ್ ಕಟ್ಟನ್ನು ಬೆನ್ನ ಹಿಂದೆ ಅಡಗಿಸಿದಳು. ನಾಲಿಗೆ ಮಾತ್ರ ಅಡಗಲಿಲ್ಲ.

"ಹೌದಾ? ಹಂಗಾದ್ರೆ ರೈಲು ಇಲ್ಲೇ ನಿಲ್ಲಿಸ್ಕೊಂಡಿರಿ. ನಮ್ಮಪ್ಪನ ಜ್ವರ ಬಿಡ್ಲಿ, ಅವರೇ ಎದ್ದು ಬಂದು ಕೊಡ್ತಾರೆ!"

ಕಿಟಕಿಗಳಲ್ಲಿ ಸಾಲಾಗಿ ತಲೆಗಳು ಕಾಣಿಸಿಕೊಂಡವು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬೊಚ್ಚು ಬಾಯಿ ತೆರೆದು ನಕ್ಕಳು. "ಏನಪ್ಪಾ ಗಾರ್ಡು, ರೈಲಿಗೆ ಕೆಂಪು ಬಾವುಟ ತೋರಿಸ್ದಂಗಲ್ಲ ಕಣಪ್ಪಾ ಈ ಹುಡುಗಿ ಬಾಯಿಗೆ ತೋರ್ಸೋದು!"

ಗಾರ್ಡಿನ ಕಿವಿ ಕೆಂಪಾಯಿತು. ಇನ್ನೇನೋ ಹೇಳಲು ಬಾಯಿ ತೆರೆದವನು ಆದಿಯ ಮುಖ ನೋಡಿ ನಿಲ್ಲಿಸಿದ. ಮಾತು ಅಷ್ಟು ಜೋರಾಗಿದ್ದರೂ ಅವಳ ಕಣ್ಣ ಅಂಚಿನಲ್ಲಿ ನೀರು ನಿಂತಿತ್ತು.

"ಎಂಥ ಜ್ವರ?" ಎಂದ, ದನಿ ಇಳಿಸಿ.

"ಚಳಿಜ್ವರ. ಕಂಬಳಿ ಮೇಲೆ ಕಂಬಳಿ ಹೊದಿಸಿದ್ರೂ ನಡುಗ್ತಾರೆ."

ಅವನು ಬ್ರೇಕ್ ವ್ಯಾನು ಹತ್ತಿದ. ಸೀಟಿ ಊದಿ, ಹಸಿರು ಬಾವುಟ ಬೀಸಿ ಹೊರಟೇಹೋದ.

'ಕಲ್ಲು ಮನಸ್ಸಿನವನು!' ಎಂದುಕೊಂಡಳು ಆದಿ.

ಮರುದಿನ ಅದೇ ರೈಲು ಬಂತು. ಅದೇ ಗಾರ್ಡು ಇಳಿದ. ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದ.

"ಕ್ವಿನೈನ್ ಗುಳಿಗೆ. ಯುದ್ಧ ಶುರುವಾದ ಮೇಲೆ ಎಲ್ಲೂ ಸಿಗ್ತಿಲ್ಲ. ಕಾಂಪೌಂಡರಿಗೆ ದಮ್ಮಯ್ಯ ಅಂದು ತಂದೆ. ಬಲು ಕಹಿ, ಬೆಲ್ಲದ ಜೊತೆ ಕೊಡಿ."

ಆದಿ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಮತ್ತೆ... ಟಿಕೆಟ್ಟು?" ಎಂದಳು.

"ಯಾವ ಟಿಕೆಟ್ಟು? ನಾನೇನೂ ನೋಡ್ತಿಲ್ಲಪ್ಪ!" ಎಂದು ಅವನು ಅವಳಿಗೆ ಬೆನ್ನು ತಿರುಗಿಸಿ, ಹೊಂಗೆಮರವನ್ನು ದಿಟ್ಟಿಸುತ್ತ ನಿಂತ. ಅಪ್ಪ ಎದ್ದು ಓಡಾಡುವವರೆಗೂ ದಿನವೂ ಹಾಗೆಯೇ, ಅವಳು ಟಿಕೆಟ್ ಕೊಟ್ಟು ಮುಗಿಸುವ ತನಕ, ಆ ಮರದಲ್ಲಿ ಎಲೆ ಎಣಿಸುವವನ ಹಾಗೆ ನಿಂತಿರುತ್ತಿದ್ದ.

ಅವನ ಹೆಸರು ಗೋಪಾಲಪ್ಪ.

*

ದೇವನಹಳ್ಳಿ ದಾಟಿ ಬರುವ ಚಿಕ್ಕ ರೈಲಿಗೆ ಹೊಂಗೆಕಟ್ಟೆಯ ಹತ್ತಿರ ಒಂದು ಏರು. ಅಲ್ಲಿಗೆ ಬರುವಷ್ಟರಲ್ಲಿ ಇಂಜಿನ್ನಿಗೆ ಏದುಸಿರು ಬರುತ್ತಿತ್ತು. ಎಮ್ಮೆ ಮೇಯಿಸುವವರು ಪಕ್ಕದಲ್ಲಿ ನಡೆಯುತ್ತಲೇ ಒಳಗಿದ್ದವರ ಹತ್ತಿರ ಬೀಡಿಗೆ ಬೆಂಕಿ ಕೇಳುತ್ತಿದ್ದರು.

ಆದಿಯ ಅಜ್ಜಿ ಮುನಿವೆಂಕಟಮ್ಮನಿಗೆ ಆ ಹಾಲ್ಟಿನ, ಅಂದರೆ ಆ ಪುಟ್ಟ ನಿಲುಗಡೆಯ, ಕಥೆ ಹೇಳುವುದೆಂದರೆ ಹಬ್ಬ.

"ಮೊದ್ಲು ಕಂಪ್ನಿಯೋರು ಲೈಟ್ ರೈಲು ಬರುತ್ತೆ ಅಂದ್ರು ಕಣಪ್ಪಾ. ಲೈಟು ಅಂದ್ರೆ ದೀಪ ಅಂತ ನಾವು! ದೀಪದ ರೈಲು ನೋಡೋಕೆ ಊರಿಗೂರೇ ಬಂತು. ನೋಡಿದ್ರೆ ಒಂದು ಬುಡ್ಡಿದೀಪಾನೂ ಇಲ್ಲ. ಹಗುರದ ರೈಲು ಅಂತ ಆಮೇಲೆ ಗೊತ್ತಾಯ್ತು. ಥೂ ನಿಮ್ಮ!" ಎಂದು ಅಜ್ಜಿ ಗೋಪಾಲನಿಗೆ ಹೇಳುತ್ತಿದ್ದರೆ, ಅವನು ಕಲ್ಲುಬೆಂಚಿನ ಪಕ್ಕ ನಿಂತು ಬಿದ್ದು ಬಿದ್ದು ನಗುತ್ತಿದ್ದ.

ಆಗ ಇಲ್ಲಿ ರೈಲು ನಿಲ್ಲುತ್ತಿರಲಿಲ್ಲವಂತೆ. ಆದರೆ ಏರಿನಲ್ಲಿ ಅದು ತೆವಳುವಾಗ ಬಾಯಾರಿದ ಜನ ಇಳಿದು ನೀರು ಕೇಳುತ್ತಿದ್ದರು. ಅಜ್ಜಿ ಗಡಿಗೆಯಲ್ಲಿ ಮಜ್ಜಿಗೆ ತಂದು ಲೋಟ ಲೋಟ ಕೊಟ್ಟು, ಕೊಟ್ಟು... ಕೊನೆಗೆ ಡ್ರೈವರುಗಳಿಗೂ ಆ ಮಜ್ಜಿಗೆಯ ರುಚಿ ಹತ್ತಿತು. ಇಂಜಿನ್ ತಾನಾಗಿಯೇ ನಿಲ್ಲತೊಡಗಿತು. ತಾತ ಒಂದು ತುಂಡು ಹೊಲ ಬಿಟ್ಟುಕೊಟ್ಟರು, ಊರವರು ಕಲ್ಲು ಹೊತ್ತರು, ಅಜ್ಜಿ ಹೊಂಗೆಗಿಡ ನೆಟ್ಟಳು. ಆಮೇಲೆ ಹೆಸರಿನ ಹಲಗೆ ಬಂತು.

"ಹಾಲ್ಟು ಮಾಡಿದ್ದು ಕಂಪ್ನಿಯಲ್ಲ, ನಮ್ಮನೆ ಮಜ್ಜಿಗೆ!" ಎನ್ನುವುದು ಅಜ್ಜಿಯ ಕೊನೆಯ ಮಾತು. ಹೇಳಿ, ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಸವರಿ ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಆ ಹಾಲ್ಟಿನಲ್ಲಿ ಟಿಕೆಟ್ ಕೊಡುವ, ದೀಪ ಹಚ್ಚುವ ಕೆಲಸ ಆದಿಯ ಅಪ್ಪ ವೆಂಕಟರಾಯಪ್ಪನದು. ಬೇಸಾಯವಿತ್ತು, ಹಿತ್ತಲಲ್ಲಿ ಚಕ್ಕೋತದ ಮರಗಳಿದ್ದವು. ಆದರೂ ಅವರಿಗೆ ಹಾಲ್ಟು ಎಂದರೆ ಜೀವ. ಹೆಂಡತಿ ತೀರಿಕೊಂಡ ಮೇಲೆ ಅವರು ನಗುತ್ತಿದ್ದದ್ದು ರೈಲು ಬಂದಾಗ ಮಾತ್ರ.

ಆದಿ ದಿನವೂ ಒಂದು ಚಕ್ಕೋತ ತಂದು ಗಾರ್ಡಿಗೆ ಕೊಡತೊಡಗಿದಳು. ಗುಳಿಗೆಯ ಋಣ ಎಂದು ಮೊದಲ ಸಲ ಹೇಳಿದಳು. ಎರಡನೆಯ ಸಲ ಏನೂ ಹೇಳಲಿಲ್ಲ.

ಅವನು ಹಣ್ಣು ಬಿಡಿಸಿ ಒಂದೊಂದು ತೊಳೆಯನ್ನು ರೈಲಿನ ಮಕ್ಕಳಿಗೆ ಕೊಡುತ್ತಿದ್ದ. ಕೊನೆಯದೊಂದನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

"ನಿಮ್ಮನೇಲಿ ಯಾರ್‍ಯಾರಿದಾರೆ?" ಎಂದು ಒಂದು ದಿನ ಕೇಳಿದಳು.

"ಮನೆಯಾ?" ಅವನು ನಕ್ಕ. "ನೋಡಿ, ಅದೇ ನನ್ನ ಮನೆ," ಎಂದು ಬ್ರೇಕ್ ವ್ಯಾನಿನ ಕಡೆ ಬೆರಳು ತೋರಿಸಿದ. "ನಾನು ಕೂಸಾಗಿದ್ದಾಗ ಪ್ಲೇಗಿಗೆ ಅಪ್ಪ ಅಮ್ಮ ಇಬ್ಬರೂ ಹೋದರಂತೆ. ನೆಲಮಂಗಲದ ಕಡೆಯೋರು. ಇಂಜಿನ್ ಶೆಡ್ಡಿನ ಸಾಲುಮನೆಗಳಲ್ಲಿ ಒಂದೊಂದು ದಿನ ಒಬ್ಬೊಬ್ಬರು ಅನ್ನ ಹಾಕಿ ಬೆಳೆಸಿದ್ರು. ಹಬ್ಬ, ನೆಂಟರು, ಶಾಸ್ತ್ರ... ಇವೆಲ್ಲ ನಾನು ಕಿಟಕಿಯಿಂದ ಕಂಡಿರೋದೇ."

ಆ ಮಾತನ್ನು ಅವನು ಹಗುರವಾಗಿಯೇ ಹೇಳಿದ. ಆದಿಯ ಎದೆಯಲ್ಲಿ ಮಾತ್ರ ಅದು ಭಾರವಾಗಿ ಕೂತಿತು. 'ಇವರಿಗೆ ಒಂದು ಮನೆ ಬೇಕು... ನಾನೇ ಆ ಮನೆಯಾಗಬಾರದೇ?'

ಎಷ್ಟು ಹೊತ್ತಿನ ಪ್ರೀತಿ ಅದು! ರೈಲು ನಿಲ್ಲುವಷ್ಟು ಹೊತ್ತು. ಅವನ ಸೀಟಿ ಕೂಗಿದರೆ ಮುಗಿಯಿತು. ಕೆಲವು ದಿನ ಸೀಟಿಯನ್ನು ತುಟಿಗಿಟ್ಟುಕೊಂಡು ಊದುವುದನ್ನೇ ಮರೆತು ನಿಂತಿರುತ್ತಿದ್ದ. ಆಗ ಮುಂದಿನಿಂದ ಡ್ರೈವರ್ ಕೊಂಡಪ್ಪ ಕೂಗುತ್ತಿದ್ದ: "ಲೇ ಗೋಪಾಲ! ಇಂಜಿನ್ನು ಮೊಟ್ಟೆ ಇಡ್ತಿದೆ ಕಣೋ ಇಲ್ಲಿ! ಊದಲೋ!"

*

ಅಜ್ಜಿಯ ಕಣ್ಣಿಗೆ ಪೊರೆ ಬಂದಿದ್ದರೂ ಕಾಣಬೇಕಾದ್ದು ಕಾಣುತ್ತಿತ್ತು. ಮಗನ ಕಿವಿಗೆ ಹಾಕಿದಳು. ವೆಂಕಟರಾಯಪ್ಪ ಕೊಂಡಪ್ಪನನ್ನು ವಿಚಾರಿಸಿದರು. "ನಮ್ಮೋರೇ ಕಣಣ್ಣ, ಚಿನ್ನದಂಥ ಹುಡುಗ," ಎಂದ ಕೊಂಡಪ್ಪ.

"ಹಂಗಾದ್ರೆ ಬಿಡುವಿನ ದಿನ ಮನೆಗೆ ಬಂದು ಹೋಗಕ್ಕೆ ಹೇಳು."

ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ಕೂದಲು. ಆದಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಜ್ಜಿ ಒಬ್ಬಟ್ಟು ಬಡಿಸಿದಳು. ಇನ್ನೊಂದು, ಮತ್ತೊಂದು ಎಂದು ಬಲವಂತ ಮಾಡಿದಳು. ಅವನು ತಲೆ ಬಗ್ಗಿಸಿ ಎಲೆಯ ತುದಿಯ ಉಪ್ಪನ್ನೂ ಬಿಡದೆ ಉಂಡ.

ಊಟವಾಯಿತು. ವೆಂಕಟರಾಯಪ್ಪ ಪಂಚೆ ಸರಿಮಾಡಿಕೊಂಡು ಎದುರಿಗೆ ಕೂತರು. ತೊಳೆದ ಹಿತ್ತಾಳೆ ತಟ್ಟೆಯಲ್ಲಿ ಚಿಗುರು ವೀಳ್ಯದೆಲೆ, ಬಟ್ಟಲಡಿಕೆ, ಒಂದು ಅರಿಶಿನದ ಕೊಂಬು. ಅದನ್ನು ಎರಡೂ ಕೈಯಿಂದ ಅವನ ಮುಂದಕ್ಕೆ ಸರಿಸಿದರು.

ಅವರ ಕಡೆ ಹೆಣ್ಣು ಹೆತ್ತವನು 'ನನ್ನ ಮಗಳನ್ನು ಮಾಡಿಕೋ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅರಿಶಿನದ ಕೊಂಬಿಟ್ಟ ತಟ್ಟೆಯೇ ಆ ಮಾತನ್ನು ಹೇಳುತ್ತದೆ. ತೆಗೆದುಕೊಂಡರೆ ಒಪ್ಪಿಗೆ.

ಆದಿ ಬಾಗಿಲ ಸಂದಿಗೆ ಕಣ್ಣೊತ್ತಿ ನೋಡಿದಳು. 'ತಗೊಳ್ಳಿ... ತಗೊಳ್ಳಿ...'

ಗೋಪಾಲ ತಟ್ಟೆಯನ್ನು ನೋಡಿದ. ನಗುತ್ತ ಕೈ ಮುಗಿದು, ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಇದು ಮಾತ್ರ ಬೇಡಿ. ಸೀಟಿ ಊದೋ ಬಾಯಿ ನೋಡಿ, ಇದಕ್ಕೆ ಎಲೆಯಡಿಕೆ ಆಗಿಬರಲ್ಲ."

ವೆಂಕಟರಾಯಪ್ಪನ ಮುಖ ಬೂದಿಯಾಯಿತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದ, ಯಾರಾದರೂ ಏನಾದರೂ ಹೇಳುತ್ತಾರೆಂದು ಕಾಯುವವನ ಹಾಗೆ. ಯಾರೂ ಏನೂ ಹೇಳಲಿಲ್ಲ. ದೂರದಲ್ಲಿ ರೈಲು ಕೂಗಿತು. ಅವನು ಮೆಲ್ಲಗೆ ಎದ್ದು ಹೋದ.

ಬಾಗಿಲ ಸಂದಿಯಲ್ಲಿ ಆದಿ ಕುಸಿದು ಕೂತಳು.

'ಬೇಡ ಅಂದ್ರು... ನನ್ನನ್ನ ಬೇಡ ಅಂದ್ರು! ಅದೂ ನಗ್ತಾ ನಗ್ತಾ!'

*

ಮರುದಿನ ರೈಲು ಬಂದಾಗ ಆದಿ ಹಾಲ್ಟಿಗೆ ಹೋದಳು. ಹೋಗದಿದ್ದರೆ ಸೋತಂತೆ ಎಂದು ಹೋದಳು. ಕೈಯಲ್ಲಿ ಚಕ್ಕೋತ ಇರಲಿಲ್ಲ.

"ಆದಿಲಕ್ಷ್ಮಿ," ಎಂದು ಅವನು ಹತ್ತಿರ ಬಂದ. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

ತಪ್ಪಾಯ್ತಾ ಅಂತೆ! ಅವಳಿಗೆ ಉರಿದುಹೋಯಿತು.

"ಟಿಕೆಟ್ ವಿಚಾರ ಇದ್ರೆ ಅಪ್ಪನ ಹತ್ರ ಮಾತಾಡಿ ಗಾರ್ಡಪ್ಪನೋರೇ. ನೀವೇ ಹೇಳಿದ್ರಲ್ಲ, ಹೆಂಗಸರು ಕೊಡೋ ಹಾಗಿಲ್ಲ."

ಅವನ ಮುಖದ ಮೇಲಿದ್ದ ಬೆಳಕು ಅವಳ ಕಣ್ಣೆದುರೇ ಆರಿಹೋಯಿತು. ಮತ್ತೆ ಅವನು ಕೇಳಲಿಲ್ಲ. ಅನಾಥನಾಗಿ ಬೆಳೆದವನಿಗೆ ಯಾರ ಬಾಗಿಲನ್ನೂ ಎರಡನೆಯ ಸಲ ತಟ್ಟಿ ಅಭ್ಯಾಸವಿಲ್ಲ.

ಅಷ್ಟರಲ್ಲಿ ಮೇಲಿನಿಂದ ಆಜ್ಞೆ ಬಂತು. ಯುದ್ಧಕ್ಕೆ ಕಲ್ಲಿದ್ದಲು ಸಾಲುತ್ತಿಲ್ಲ. ಏರಿನಲ್ಲಿ ರೈಲು ನಿಲ್ಲಿಸಿ ಮತ್ತೆ ಹೊರಡಿಸಲು ಸುಮ್ಮನೆ ಕಲ್ಲಿದ್ದಲು ದಂಡ. ಹೊಂಗೆಕಟ್ಟೆ ಹಾಲ್ಟು ಮುಚ್ಚಬೇಕು!

ಕೊನೆಯ ರೈಲು ನಿಂತ ದಿನ ಊರೆಲ್ಲ ಬಂದಿತ್ತು. ಅಜ್ಜಿ ಇಂಜಿನ್ನಿಗೆ ಕುಂಕುಮ ಹಚ್ಚಿ, ಕೊಂಡಪ್ಪನಿಗೆ ಮಜ್ಜಿಗೆ ಕೊಟ್ಟಳು. ಕೊಂಡಪ್ಪ ಲೋಟ ಹಿಡಿದುಕೊಂಡು ಅತ್ತುಬಿಟ್ಟ.

ಗೋಪಾಲ ಸೀಟಿ ತುಟಿಗಿಟ್ಟು ನಿಂತಿದ್ದ. ಊದಲಿಲ್ಲ. ಈ ಸಲ ಕೊಂಡಪ್ಪನೂ ಬೈಯಲಿಲ್ಲ.

ಅವನ ಕಣ್ಣು ಜನರ ನಡುವೆ ಆದಿಯನ್ನು ಹುಡುಕಿತು, ಸಿಕ್ಕಳು.

"ಬರ್ತೀನಿ," ಎಂದ.

'ಎಲ್ಲಿಗೆ ಬರ್ತೀರಿ? ಯಾರಿಗೋಸ್ಕರ ಬರ್ತೀರಿ?' ಅವಳು ಮುಖ ತಿರುಗಿಸಿ ಹೊಂಗೆಮರವನ್ನು ನೋಡುತ್ತ ನಿಂತಳು, ಒಂದು ಕಾಲದಲ್ಲಿ ಅವಳಿಗಾಗಿ ಅವನು ನಿಂತಿದ್ದ ಹಾಗೆಯೇ.

ಸೀಟಿ ಕೂಗಿತು. ರೈಲು ಹೋಯಿತು. ಆಳುಗಳು ಹೆಸರಿನ ಹಲಗೆ ಕಿತ್ತು ಹೊತ್ತುಕೊಂಡು ಹೋದರು. ಕಂಬಗಳೆರಡು ಉಳಿದವು.

*

ಆಮೇಲಿನ ದಿನಗಳು!

ರೈಲು ಬರುತ್ತಿತ್ತು, ಹೋಗುತ್ತಿತ್ತು. ನಿಲ್ಲುತ್ತಿರಲಿಲ್ಲ. ವೆಂಕಟರಾಯಪ್ಪ ಮಾತ್ರ ಸಂಜೆಯಾದರೆ ದೀಪ ಹಚ್ಚಿ, ಬರಿಯ ಕಂಬಕ್ಕೆ ತೂಗುಹಾಕಿ ಬರುತ್ತಿದ್ದರು. "ಯಾಕಪ್ಪ?" ಎಂದು ಆದಿ ಕೇಳಿದ್ದಕ್ಕೆ, "ಕೈಗೆ ಅಭ್ಯಾಸ ಕಣವ್ವ," ಎಂದರು.

ರೈಲಿನ ಸದ್ದು ಕೇಳಿದರೆ ಆದಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿಕೊಂಡರೂ ಆ ಸದ್ದು ಒಳಗಿನಿಂದಲೇ ಬರುತ್ತಿತ್ತು. 'ಬೇಡ ಅಂದವರನ್ನ ಯಾಕೆ ನೆನೀತೀಯೆ ಮನಸೇ... ನಿಂಗೆ ಮಾನ ಇಲ್ವಾ?'

ಅನ್ನ ಸೇರಲಿಲ್ಲ. ಬಳೆಗಳು ಮುಂಗೈಯಿಂದ ಜಾರತೊಡಗಿದವು.

ಒಂದು ಮಧ್ಯಾಹ್ನ ಬಾವಿಯ ಕಟ್ಟೆಯ ಮೇಲೆ ನಿಂತು ಕೆಳಗಿನ ಕಪ್ಪು ನೀರನ್ನು ನೋಡುತ್ತಿದ್ದಳು. ಎಷ್ಟು ಹೊತ್ತು ನಿಂತಿದ್ದಳೋ. 'ಒಂದೇ ಹೆಜ್ಜೆ... ಆಮೇಲೆ ಯಾವ ಸೀಟಿಯೂ ಕೇಳಿಸಲ್ಲ...'

"ಕೊಡ ತುಂಬ್ತೇನವ್ವಾ?"

ತಿರುಗಿದಳು. ಅಜ್ಜಿ! ನೋಯುವ ಮೊಣಕಾಲು ಹಿಡಿದುಕೊಂಡು ಅಷ್ಟು ದೂರ ನಡೆದು ಬಂದಿದ್ದಳು. ಇನ್ನೇನೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಮೊಮ್ಮಗಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಂದಿನಿಂದ ಆದಿ ನೀರಿಗೆ ಹೊರಟಾಗಲೆಲ್ಲ ಅಜ್ಜಿಗೂ ಬಾವಿಯ ಹತ್ತಿರ ಏನಾದರೊಂದು ಕೆಲಸ ಇರುತ್ತಿತ್ತು.

ಸಾಸಲಿನಿಂದ ಸಂಬಂಧ ಬಂತು. ಪಿಳ್ಳಪ್ಪ ಎಂಬಾತ. ಮೊದಲ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಒಳ್ಳೆಯವನೇ. ನೀರಾವರಿ ತೋಟವಿತ್ತು.

"ಇಷ್ಟ ಇದೆಯಾ ತಾಯಿ?" ಎಂದು ಅಪ್ಪ ಕೇಳಿದರು. ಆ ಕಾಲದಲ್ಲಿ ಯಾವ ಅಪ್ಪ ಕೇಳುತ್ತಿದ್ದ? ಅವರು ಕೇಳಿದರು. ಅವರ ಕಣ್ಣುಗಳು ಗುಳಿಬಿದ್ದಿದ್ದವು. "ಹಾಲ್ಟೂ ಹೋಯ್ತು. ನನ್ನ ತಟ್ಟೆಯೂ ತಿರುಗಿ ಬಂತು. ನಿನ್ನೊಂದು ದಡ ಸೇರಿಸಿದ್ರೆ..."

ಆದಿ ಹೇಗೆ ಬೇಡವೆಂದಾಳು? "ನಿಮ್ಮಿಷ್ಟ ಅಪ್ಪ," ಎಂದಳು.

ಆಗಲೇ ಒಳಗೊಳಗೆ ಸತ್ತಂತಾಯಿತು.

*

ಎಲೆಯಡಿಕೆ ಬದಲಾಯಿಸಿಕೊಳ್ಳಲು ಸಾಸಲಿನವರು ಬರುವ ದಿನ. ಬೆಳಗ್ಗೆಯೇ ಗಾಡಿ ಕಟ್ಟಿದ್ದಾರೆಂದು ಸುದ್ದಿ ಬಂದಿತ್ತು. ಹೊತ್ತು ನೆತ್ತಿಗೇರಿತ್ತು. ನಡುಮನೆಯಲ್ಲಿ ಅದೇ ಹಿತ್ತಾಳೆ ತಟ್ಟೆ, ಚಿಗುರೆಲೆ, ಬಟ್ಟಲಡಿಕೆ, ಅರಿಶಿನದ ಕೊಂಬು.

ರೈಲುಹಳಿ ಕಾಯುವ ಗ್ಯಾಂಗಿನ ಚಿಕ್ಕಬೀರಪ್ಪನ ಹೆಂಡತಿ ಮುತ್ತಮ್ಮ ಅಡುಗೆಗೆ ನೆರವಾಗಲು ಬಂದಿದ್ದಳು. ಒಬ್ಬಟ್ಟಿಗೆ ಹೂರಣ ರುಬ್ಬುತ್ತ ಅವಳ ಬಾಯಿ ಸುಮ್ಮನಿರಲಿಲ್ಲ.

"ನಮ್ಮ ಗಾರ್ಡಪ್ಪ ಇದ್ದಿದ್ರೆ ಮೂರು ಒಬ್ಬಟ್ಟು ತಿಂತಿದ್ದ. ಪಾಪ, ಮೊನ್ನೆ ಬ್ರೇಕ್ ವ್ಯಾನಿಂದ ಕೈ ಬೀಸ್ದ. ಒಣಗಿ ಕಡ್ಡಿಯಾಗವ್ನೆ."

ಆದಿ ಒಲೆಯ ಮುಂದೆ ಮುಖ ಬಗ್ಗಿಸಿದಳು. "ಅವರ ಮಾತು ಬೇಡ ಮುತ್ತಕ್ಕ."

"ಯಾಕವ್ವ? ಅಂಥ ಹುಡುಗ ಹತ್ತೂರು ಹುಡುಕಿದ್ರೂ ಸಿಗಲ್ಲ. ಆದ್ರೆ ಒಂದು, ಶಾಸ್ತ್ರ ಸಂಬಂಧ ಏನಂದ್ರೆ ಏನೂ ಗೊತ್ತಿಲ್ಲ!" ಮುತ್ತಮ್ಮ ನಕ್ಕಳು. "ನಮ್ಮ ಮಗೀಗೆ ಹೆಸರಿಟ್ಟಾಗ ಕರೆದಿದ್ವಲ್ಲ, ತಾಂಬೂಲ ಕೊಟ್ರೆ ಹಿಂದಕ್ಕೆ ತಳ್ದ! 'ಸೀಟಿ ಊದೋ ಬಾಯಿ ಅವ್ವ, ಎಲೆಯಡಿಕೆ ಹಾಕಲ್ಲ' ಅಂತ. ನನ್ನ ಗಂಡಂಗೆ ಸಿಟ್ಟು ನೆತ್ತಿಗೇರ್ತು. ನಾನೇ ಅಂದೆ, 'ಲೇ ಅಪ್ಪಾ, ತಿನ್ನಕ್ಕಲ್ಲ ಕಣೋ ಕೊಡೋದು, ಮುಟ್ಟಿ ಕಣ್ಣಿಗೊತ್ಕೊಳ್ಳಕ್ಕೆ' ಅಂತ. ಮುಖ ಇಷ್ಟಾಯ್ತು. 'ನಂಗೆ ಯಾರೂ ಹೇಳ್ಕೊಟ್ಟಿಲ್ಲವ್ವ' ಅಂದ. ಹೆತ್ತೋರಿಲ್ದಿದ್ರೆ ಯಾರವ್ವ ಹೇಳ್ಕೊಡ್ತಾರೆ?"

ಆದಿಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಏನಂದೆ? ಮುತ್ತಕ್ಕ... ಏನಂದೆ? ಯಾವಾಗ ಇದು?"

"ಹಾಲ್ಟು ಮುಚ್ಚೋಕೆ ಮುಂಚೆ, ನಿಮ್ಮನೇಲಿ ಉಂಡು ಹೋದ ಮಾರನೇ ವಾರ. ಉಂಡದ್ದು ಹೇಳ್ಕೊಂಡು ಕಣ್ಣಲ್ಲಿ ನೀರು ತಂದ್ಕೊಂಡ. 'ಅವ್ರ ಮನೆಗೆ ಏನೋ ಆಸೆ ಇಟ್ಕೊಂಡು ಹೋಗಿದ್ದೆ ಅವ್ವ. ಊಟ ಹಾಕಿದ್ರು, ಒಂದು ಮಾತೂ ಆಡ್ಲಿಲ್ಲ. ದಿಕ್ಕಿಲ್ದೋನಿಗೆ ಯಾರು ಹೆಣ್ಣು ಕೊಡ್ತಾರೆ' ಅಂದ. ಯಾಕೆ, ಏನಾಯ್ತೇ?"

ಆದಿ ಸೌಟನ್ನು ಅಲ್ಲೇ ಬಿಟ್ಟು ಎದ್ದು ನಿಂತಳು.

ಅವನು ಬೇಡ ಎಂದಿರಲಿಲ್ಲ! ಮಾತಿಗಾಗಿ ಕಾದು ಕೂತಿದ್ದ. ಇವರು ತಟ್ಟೆಯ ಕೈಲಿ ಮಾತಾಡಿಸಿದರು. ಆ ತಟ್ಟೆಯ ಭಾಷೆ ಅವನಿಗೆ ಬರುತ್ತಿರಲಿಲ್ಲ!

'ಅಯ್ಯೋ ದೇವರೇ... ಅವರು ತಪ್ಪಾಯ್ತಾ ಅಂತ ಕೇಳಿದ್ರು. ನಾನು ಟಿಕೆಟ್ ಅಂದೆ. ಬರ್ತೀನಿ ಅಂದ್ರು. ನಾನು ಮರ ನೋಡ್ದೆ!'

ಆಗಲೇ ದೂರದಲ್ಲಿ ಕೇಳಿಸಿತು.

ಕೂ...!

ರೈಲು ಏರಿಗೆ ಬಂದಿತ್ತು.

ಆದಿ ನಡುಮನೆಗೆ ಓಡಿದಳು. ತಟ್ಟೆಯಿಂದ ಎಲೆ, ಅಡಿಕೆ, ಅರಿಶಿನದ ಕೊಂಬು ಬಾಚಿ ಮುಷ್ಟಿಯಲ್ಲಿ ಹಿಡಿದಳು.

"ಆದಿ! ಏನೇ ಅದು? ಸಾಸಲೋರಿಗೆ ಇಟ್ಟಿದ್ದು ಕಣೇ!" ಅಪ್ಪ ಕೂಗಿದರು.

"ಅವರಿಗೆ ಗೊತ್ತಿರಲಿಲ್ಲ ಅಪ್ಪಾ! ಅವರಿಗೆ ಗೊತ್ತೇ ಇರಲಿಲ್ಲ!"

ಅಷ್ಟೇ. ಅವಳು ಅಂಗಳ ದಾಟಿದ್ದಳು. ಹಿಂದೆ ಮುತ್ತಮ್ಮ ಅಪ್ಪನಿಗೆ ಏನೋ ವಿವರಿಸುವುದು ಅರ್ಧಂಬರ್ಧ ಕೇಳಿಸಿತು.

ರಾಗಿಯ ಕೂಳೆಗಳು ಬರಿಗಾಲಿಗೆ ಚುಚ್ಚಿದವು. ಮುಡಿ ಬಿಚ್ಚಿತು. 'ಇವತ್ತು ತಪ್ಪಿದ್ರೆ ಮುಗೀತು. ಸಾಯಂಕಾಲ ಈ ಎಲೆ ಬೇರೆಯವರ ಕೈಲಿರುತ್ತೆ. ನಿಲ್ಲಲೇ ರೈಲೇ... ನಮ್ಮಜ್ಜಿ ಮಜ್ಜಿಗೆ ಕುಡಿದ ಋಣಕ್ಕಾದ್ರೂ ನಿಲ್ಲೇ!'

ಇಂಜಿನ್ ಏದುಸಿರು ಬಿಡುತ್ತ ಏರುತ್ತಿತ್ತು. ಕೊಂಡಪ್ಪ ಹೊರಗೆ ಬಾಗಿದ.

"ಏನವ್ವಾ ಇದು? ದೂರ ಸರಿ! ಚಕ್ರ!"

ಅವಳಿಗೆ ಉಸಿರಿರಲಿಲ್ಲ. ಕೈ ಎತ್ತಿದಳು. ಮುಷ್ಟಿಯಲ್ಲಿ ಹಸಿರೆಲೆ, ಅದರ ನಡುವೆ ಅರಿಶಿನದ ಕೊಂಬು.

ಕೊಂಡಪ್ಪ ಹಳ್ಳಿಯಲ್ಲಿ ಹುಟ್ಟಿದವನು. ಒಂದು ಗಳಿಗೆ ನೋಡಿದ, ಅರ್ಥವಾಯಿತು. ಪಕ್ಕದಲ್ಲಿ ಕಲ್ಲಿದ್ದಲು ಎಸೆಯುತ್ತಿದ್ದವನಿಗೆ ಗಟ್ಟಿಯಾಗಿ ಹೇಳಿದ: "ಸಲಿಕೆ ಕೆಳಗಿಡೋ. ಇವತ್ತು ಇಂಜಿನ್ನಿಗೆ ಯಾಕೋ ಮೈ ಸರಿಯಿಲ್ಲ!"

ರೈಲು ಇನ್ನೂ ನಿಧಾನವಾಯಿತು. ಬೋಗಿಗಳು ಒಂದೊಂದಾಗಿ ಅವಳನ್ನು ದಾಟಿದವು. ಜನ ಕಿಟಕಿಗಳಲ್ಲಿ ಮುಗಿಬಿದ್ದರು. ಯಾರೋ ಹೆಂಗಸು, "ಓಡವ್ವಾ, ಓಡು!" ಎಂದು ಕೂಗಿದಳು, ಯಾಕೆಂದು ತಿಳಿಯದಿದ್ದರೂ.

ಕೊನೆಗೆ ಬ್ರೇಕ್ ವ್ಯಾನು. ಬಾಗಿಲಲ್ಲಿ ಅವನು!

"ಆದಿ! ಹುಚ್ಚು ಹಿಡೀತಾ ನಿಂಗೆ? ದೂರ ಹೋಗು!"

"ಎಲೆಯಡಿಕೆ... ತಗೊಳ್ಳಿ!"

"ಏನು?"

"ಅವತ್ತು ನೀವು ಬೇಡ ಅಂದದ್ದು ಎಲೆಯಡಿಕೆ ಅಲ್ಲ... ನನ್ನ! ನನ್ನನ್ನ ಬೇಡ ಅಂದ್ರಿ!"

ಕಾಲಿಗೆ ಜಲ್ಲಿಕಲ್ಲು ಸಿಕ್ಕಿತು. ಆದಿ ಮುಗ್ಗರಿಸಿ ಬಿದ್ದಳು.

ತಲೆ ಎತ್ತುವಷ್ಟರಲ್ಲಿ ರೈಲು ಮುಂದೆ ಹೋಗಿತ್ತು. ಹೊಗೆ ಮಾತ್ರ ಕಣ್ಣಿಗೆ ಬಂತು.

'ಮುಗೀತು...'

ಕಿರ್‍ರ್...!

ಹಳಿಯ ಮೇಲೆ ಕಬ್ಬಿಣ ಅರಚಿತು. ಗೋಪಾಲ ಎರಡೂ ಕೈಯಿಂದ ಬ್ರೇಕಿನ ಚಕ್ರ ತಿರುಗಿಸುತ್ತಿದ್ದ. ಮುಚ್ಚಿಹೋದ ಹಾಲ್ಟಿನಲ್ಲಿ, ಹಲಗೆಯಿಲ್ಲದ ಎರಡು ಕಂಬಗಳ ಮುಂದೆ, ರೈಲು ನಿಂತಿತು!

ಅವನು ಹಾರಿ ಓಡಿಬಂದು ಅವಳ ಮುಂದೆ ಮಂಡಿಯೂರಿದ. ಅವಳ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ.

"ನಂಗೆ ಗೊತ್ತಿರಲಿಲ್ಲ ಆದಿ... ಆ ತಟ್ಟೇಲಿ ನೀನಿದ್ದೆ ಅಂತ ನಂಗೆ ಯಾರೂ ಹೇಳ್ಲಿಲ್ಲ..." ಅವನ ದನಿ ಒಡೆಯಿತು. "ನಿಮ್ಮಪ್ಪ ಒಂದು ಮಾತು ಆಡಲಿ ಅಂತ ಕಾದೆ. ನಾನು ಯೋಗ್ಯ ಅಲ್ಲವೇನೋ ಅಂದ್ಕೊಂಡು ಎದ್ದು ಬಂದೆ."

"ಈಗ ಹೇಳ್ತಿದ್ದೀನಲ್ಲ... ತಗೊಳ್ಳಿ..."

ಅವನು ಕೈ ಚಾಚಿದ.

"ನಿಲ್ಲು!"

ವೆಂಕಟರಾಯಪ್ಪ! ಏದುಸಿರು ಬಿಡುತ್ತ ಓಡಿ ಬಂದಿದ್ದರು. ಹಿಂದೆ ಮುತ್ತಮ್ಮನ ಹೆಗಲು ಹಿಡಿದು ಅಜ್ಜಿ.

"ಹೆಣ್ಣುಮಗಳು ಒಬ್ಬಳೇ ಕೊಡೋ ಹಂಗಿಲ್ಲ!"

ಆದಿ ಮುಷ್ಟಿಯನ್ನು ಇನ್ನೂ ಬಿಗಿಹಿಡಿದು ಅಪ್ಪನ ಕಡೆ ತಿರುಗಿದಳು. ಇಡೀ ರೈಲು ಉಸಿರು ಹಿಡಿದು ನೋಡುತ್ತಿತ್ತು.

ವೆಂಕಟರಾಯಪ್ಪ ಮಗಳ ಪಕ್ಕದಲ್ಲಿ, ಆ ಜಲ್ಲಿಕಲ್ಲಿನ ಮೇಲೆಯೇ ಕೂತರು. ತಮ್ಮ ಎರಡೂ ಕೈಗಳನ್ನು ಅವಳ ಕೈಯ ಅಡಿಗೆ ಇಟ್ಟರು.

"ಹೆತ್ತೋರ ಕೈಯೂ ಸೇರಬೇಕು," ಎಂದರು. ಕಣ್ಣಿಂದ ನೀರು ಇಳಿಯುತ್ತಿತ್ತು. "ಈ ಸಲ ತಟ್ಟೆ ಇಲ್ಲ ಗಾರ್ಡಪ್ಪ. ಬಾಯಿಬಿಟ್ಟೇ ಕೇಳ್ತೀನಿ. ನನ್ನ ಮಗಳನ್ನ ಒಪ್ಕೋತೀಯಾ?"

ಗೋಪಾಲ ಎರಡೂ ಅಂಗೈ ಒಡ್ಡಿ ಎಲೆಯಡಿಕೆ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಕಣ್ಣಿಂದ ತೆಗೆಯಲೇ ಇಲ್ಲ, ಹಾಗೆಯೇ ಬಿಕ್ಕಿ ಬಿಕ್ಕಿ ಅತ್ತ.

"ಸಾಸಲೋರಿಗೆ ಏನ್ ಹೇಳ್ತೀಯೋ ಮಗಾ?" ಎಂದಳು ಅಜ್ಜಿ.

"ಎಲೆಯಡಿಕೆ ಇನ್ನೂ ಬದಲಾಗಿಲ್ಲವಲ್ಲ ಅವ್ವ. ಇದ್ದದ್ದು ಇದ್ದ ಹಾಗೆ ಹೇಳಿ, ಕೈ ಮುಗಿದು, ಉಣ್ಣಿಸಿ ಕಳಿಸ್ತೀನಿ. ನನ್ನ ಮಾನ ಹೋದ್ರೆ ಹೋಗ್ಲಿ. ಮಗಳು ಉಳೀಲಿ."

ಅಂದು ಬಾವಿಕಟ್ಟೆಯ ಮೇಲೆ ಮೊಮ್ಮಗಳ ಸೆರಗು ಸುತ್ತಿಕೊಂಡಿದ್ದ ಅಜ್ಜಿಯ ಬೆರಳು ಆಗ ಆದಿಯ ತಲೆ ಸವರಿತು.

ಮುಚ್ಚಿದ ಹಾಲ್ಟಿನಲ್ಲಿ ರೈಲು ನಿಲ್ಲಿಸಿದ್ದಕ್ಕೆ ಗೋಪಾಲನನ್ನು ಮೇಲಿನವರು ಕರೆಸಿ ಕೇಳಿದರು, ಕೆಲವು ದಿನ ಮನೆಯಲ್ಲಿ ಕೂರಿಸಿದರು. ಆಗ ಅವನಿಗೆ ಕೂರಲು ಒಂದು ಮನೆಯಿತ್ತು. ಇಂಜಿನ್ನಿಗೆ ಮೈ ಸರಿಯಿರಲಿಲ್ಲ ಎಂದು ಕೊಂಡಪ್ಪ ಕೊನೆಯವರೆಗೂ ಸಾಧಿಸಿದ. ಆ ಹಲಗೆ ಮತ್ತೆ ಆ ಕಂಬಗಳಿಗೆ ಏರಲಿಲ್ಲ. ಆದರೂ ಊರವರು ಹಾಲ್ಟಿನ ಕಥೆ ಹೇಳುವಾಗ ಮಜ್ಜಿಗೆಯಿಂದ ಶುರುಮಾಡಿ ಎಲೆಯಡಿಕೆಗೆ ಮುಗಿಸುತ್ತಿದ್ದರು.

ಆದರೆ ಅದೆಲ್ಲ ಆಮೇಲಿನ ಮಾತು. ಆಗ, ಆ ಏರಿನ ಮೇಲೆ, ಗೋಪಾಲ ಎಲೆ ಮಡಿಸು‌ತ್ತಿದ್ದ.

"ತಿನ್ನಲೇಬೇಕಂತೇನಿಲ್ಲ," ಎಂದಳು ಆದಿ, ನಾಚಿ.

"ಇಲ್ಲ. ಇನ್ನೊಂದ್ಸಲ ತಪ್ಪು ಮಾಡಲ್ಲ."

ಅಜ್ಜಿ ತನ್ನ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ನೀಡಿದಳು. "ಒಂಚೂರು ಸವರ್‍ಕೊಳ್ಳಪ್ಪಾ. ಸುಣ್ಣ ಇಲ್ದೆ ಬಾಯಿ ಕೆಂಪಾಗಲ್ಲ."

ಅವನು ಎಲೆ, ಅಡಿಕೆ ಎಲ್ಲವನ್ನೂ ಒಟ್ಟಿಗೇ ಬಾಯಿಗೆ ತುಂಬಿಕೊಂಡ. ಕೆನ್ನೆ ಉಬ್ಬಿತು. ಮುಂದಿನಿಂದ ಕೊಂಡಪ್ಪನ ಕೂಗು ಬಂತು:

"ಲೇ ಗೋಪಾಲ! ಒಪ್ಪಿದ್ಯೋ ಇಲ್ವೋ? ಒಪ್ಪಿದ್ರೆ ಸೀಟಿ ಊದಲೋ!"

ಗೋಪಾಲ ಸೀಟಿ ಎತ್ತಿದ. ತುಟಿಗಿಟ್ಟ. ಬಾಯಿ ತುಂಬ ಎಲೆಯಡಿಕೆ! ಕಣ್ಣು ಬಿಟ್ಟುಕೊಂಡು ಆದಿಯನ್ನು ನೋಡಿದ. ಕಿಟಕಿಗಳೆಲ್ಲ ಗೊಳ್ಳೆಂದು ನಕ್ಕವು.

ಅವನು ಕೊರಳಿನಿಂದ ಸೀಟಿಯ ದಾರ ತೆಗೆದು ಅವಳ ಅಂಗೈಯಲ್ಲಿಟ್ಟ.

"ನಾನಾ?" ಆದಿ ಕಣ್ಣೊರೆಸಿಕೊಂಡು ನಕ್ಕಳು. "ಹೆಂಗಸರು ಊದೋ ಹಾಗಿದ್ಯಾ?"

ಗೋಪಾಲ ಅಷ್ಟೂ ಎಲೆಯನ್ನು ಒಂದು ಕೆನ್ನೆಗೆ ತಳ್ಳಿ, ತೊದಲುತ್ತ ಹೇಳಿದ: "ನಾನೇನೂ ನೋಡ್ತಿಲ್ಲಪ್ಪ!"

ಮತ್ತೆ ಅವಳಿಗೆ ಬೆನ್ನು ತಿರುಗಿಸಿ, ಹೊಂಗೆಮರವನ್ನು ದಿಟ್ಟಿಸುತ್ತ ನಿಂತ.

ಆದಿ ಉಸಿರು ತುಂಬಿಕೊಂಡು ಸೀಟಿ ಊದಿದಳು.